ನಮ್ಮ ಕತ್ತಲೆ ಕಿತ್ತುಕೊಂಡ ದೊಬ್ರಿನಾ

ದೊಬ್ರಿನಾಳ ಬಗ್ಗೆ ಒಳ್ಳೆಯ ಮಾತು ಕೇಳಬೇಕೆಂದಿದ್ದರೆ ನನ್ನ ಅಂಗಡಿಗೆ ಬರಬೇಡಿ. ಬೇರೆ ಯಾರಾದರೂ ಸಿಗುತ್ತಾರೋ ನೋಡಿ, ಸಿಗಲಿಕ್ಕಿಲ್ಲ. ದುನಾವ್ ನದಿಯ ದಂಡೆಯ ಈ ಐದಂತಸ್ತಿನ ಕಟ್ಟಡದ ಬುಡದಲ್ಲಿ ಕೂತು ನಾನು ಬೋಜಾ ಮಾರುತ್ತೇನೆ. ನವಣೆ ಹುದುಗಿಸಿ ಮಾಡಿದ ಅಂಬಲಿ ಅದು. ಬೆಳಿಗ್ಗೆ ಚೀಸು ತುಂಬಿದ ಪದರದ ರೊಟ್ಟಿ ಬಾನಿತ್ಸಾ ಒಂದು ತುಂಡು ತಿಂದು ಒಂದು ಲೋಟ ಬೋಜಾ ಕುಡಿದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೇಳುವುದಿಲ್ಲ. ಕಟ್ಟಡಕ್ಕೆಲ್ಲ ಒಂದೇ ಮೆಟ್ಟಿಲು, ಯಾರು ಹತ್ತಿದರೂ ಇಳಿದರೂ ನನ್ನ ಮುಂದೆಯೇ. ದೊಬ್ರಿನಾ ಇಳಿದು ಬಂದರೆ ಮಾತ್ರ ಎಲ್ಲರ ಮಾತು ನಿಂತುಹೋಗುತ್ತದೆ. "ಒಂದು ಲೋಟ ಕೊಡಿ ಗಿನಕ್ಕ," ಅನ್ನುತ್ತಾಳೆ. ತಳದಲ್ಲಿ ಉಳಿದ ಹುಳಿ ಬೋಜಾ ಬಗ್ಗಿಸಿ ಕೊಡುತ್ತೇನೆ. ಮುಖ ಕೂಡ ಕಿವುಚದೆ ಕುಡಿದು ಹೋಗುತ್ತಾಳೆ. ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯುತ್ತದೆ.

ಅವಳು ಹುಟ್ಟಿದ್ದು ಇದೇ ಕಟ್ಟಡದ ನಾಲ್ಕನೇ ಅಂತಸ್ತಿನಲ್ಲಿ. ಅಪ್ಪ ನದಿಯಲ್ಲಿ ಸರಕಿನ ದೋಣಿ ನಡೆಸುತ್ತಿದ್ದ, ಒಂದು ಚಳಿಗಾಲ ನೀರಿಗೆ ಬಿದ್ದವನು ಮೇಲೆ ಬರಲಿಲ್ಲ. ತಾಯಿ ಕೆರಾ, ಊರಿಗೆಲ್ಲ ಕೆರಜ್ಜಿ, ಒಬ್ಬಳೇ ಸಾಕಿದಳು. ಚಿಕ್ಕಂದಿನಿಂದಲೂ ದೊಬ್ರಿನಾ ಒಂದು ವಿಷಯ ಹಿಡಿದರೆ ಬಿಡುವವಳಲ್ಲ. ಶಾಲೆಯಲ್ಲಿ ಯಾರದೋ ಪೆನ್ಸಿಲ್ ಕಳೆದರೆ ಸಂಜೆವರೆಗೂ ಎಲ್ಲರ ಚೀಲ ತಡಕುತ್ತಿದ್ದಳು, ಕಳೆದುಕೊಂಡವಳೇ "ಸಾಕು ಬಿಡೇ" ಅಂದರೂ. ಅಂಥವಳು ಕೊಲೆ ತನಿಖೆಯ ಅಧಿಕಾರಿಯಾದಳು ಅಂದರೆ ಆಶ್ಚರ್ಯವೇನು.

ಆಗಿದ್ದೇನೋ ಆದಳು, ಮಾಡಲಿಕ್ಕೆ ಕೆಲಸ ಎಲ್ಲಿತ್ತು? ಮನೆಮನೆಯ ಸೂರಿನ ಮೂಲೆಗೆ ಗಾಜಿನ ಕಣ್ಣು ಬಂದ ಮೇಲೆ ಕದ್ದವನನ್ನೂ ಹೊಡೆದವನನ್ನೂ ಊರೇ ಕೂತು ನೋಡಿರುತ್ತದೆ. ಯಾರು ಬೇಕಾದರೂ ಯಾರ ಮನೆಯನ್ನು ಬೇಕಾದರೂ ತಮ್ಮ ಗೋಡೆಯ ಪರದೆಯಲ್ಲಿ ನೋಡಬಹುದು. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಹೊರಗಿನ ಮೆಟ್ಟಿಲು, ಯಾವುದಕ್ಕೂ ಬಿಡುವಿಲ್ಲ. ತಪ್ಪು ಮಾಡದವರಿಗೆ ಭಯವೇಕೆ ಅಂತ ಸರಕಾರ ಕೇಳಿತು, ನಮ್ಮ ಅಪ್ಪಂದಿರು ಹೌದಲ್ಲ ಅಂದರು. ದೊಬ್ರಿನಾಳ ಗಂಡ ಬಿಟ್ಟುಹೋದ ದಿನ ಅವರಿಬ್ಬರ ಜಗಳವನ್ನು ಊರೆಲ್ಲ ನೋಡಿತು. ಅವನು ಅವಳ ಮೈ ಬಗ್ಗೆ ಆಡಿದ ಮಾತು ಎಷ್ಟೋ ದಿನ ಮಾರುಕಟ್ಟೆಯ ಪೋಲಿಗಳ ಬಾಯಲ್ಲಿತ್ತು. ಅವಳು ಅಳಲಿಕ್ಕೆಂದು ಬಚ್ಚಲಿಗೆ ಹೋದಳು, ತಲೆಯೆತ್ತಿ ಕಣ್ಣನ್ನು ನೋಡಿದಳು, ಮುಖ ತೊಳೆದುಕೊಂಡು ಹೊರಗೆ ಬಂದಳು. ಅದನ್ನೂ ನೋಡಿದೆವು.

ಆ ಕಾಲದಲ್ಲಿ ಕಣ್ಣಿಗೆ ಬಟ್ಟೆ ಹಾಕಬಹುದಾಗಿದ್ದ ಜಾಗ ಒಂದೇ, ಸಾವಿನ ಮನೆ. ನಮ್ಮಲ್ಲಿ ಹಿಂದಿನಿಂದಲೂ ಯಾರಾದರೂ ಸತ್ತರೆ ಕನ್ನಡಿಗಳನ್ನು ಮುಚ್ಚುತ್ತೇವೆ, ಬಾಗಿಲಿಗೆ ಕಪ್ಪು ಪಟ್ಟಿ ಕಟ್ಟಿ ಸತ್ತವರ ಫೋಟೊ ಇರುವ ಕಾಗದ ಅಂಟಿಸುತ್ತೇವೆ. ನಲವತ್ತು ದಿನ ಆತ್ಮ ಮನೆಯಲ್ಲೇ ಸುಳಿದಾಡುತ್ತಿರುತ್ತದೆ, ಅದು ಗಾಜಿನಲ್ಲಿ ತನ್ನನ್ನು ಕಾಣಬಾರದು. ಹಾಗಾದರೆ ಈ ಕಣ್ಣೂ ಗಾಜೇ ಅಲ್ಲವೇ ಅಂತ ಅಜ್ಜಿಯರೆಲ್ಲ ಪಾದ್ರಿಗಳನ್ನು ಮುಂದಿಟ್ಟುಕೊಂಡು ಕಚೇರಿಯ ಎದುರು ಕೂತರು, ಏಳಲೇ ಇಲ್ಲ. ಸರಕಾರ ಸೋತು ನಲವತ್ತು ದಿನ ಬಿಟ್ಟುಕೊಟ್ಟಿತು. ಅಂದು ಎಲ್ಲರಿಗಿಂತ ಮುಂದೆ ಕೂತವಳು ಕೆರಜ್ಜಿ.

ಬಟ್ಟೆ ಹಾಕಿದ ಮನೆಯನ್ನು ನಾವು ಕತ್ತಲೆ ಮನೆ ಅನ್ನುತ್ತಿದ್ದೆವು, ಒಳಗೆ ದೀಪ ಉರಿಯುತ್ತಿದ್ದರೂ. ದುಃಖ ಕೇಳುವ ನೆಪದಲ್ಲಿ ಹೋಗಿ ಕೂರುತ್ತಿದ್ದೆವು. ಹೊಸ್ತಿಲು ದಾಟಿದ ಕೂಡಲೇ ಬೆನ್ನು ತಾನಾಗಿ ಸಡಿಲವಾಗುತ್ತಿತ್ತು. ಮೇಯರನ್ನು ಬಾಯಿಗೆ ಬಂದಂತೆ ಬೈಯುವುದು, ಇಸ್ಪೀಟಾಡುವುದು, ಹೊಟ್ಟೆ ಹಿಡಿದು ನಗುವುದು. ಹೊಸದಾಗಿ ಮದುವೆಯಾದವರಿಗೆ ಒಳಕೋಣೆ ಬಿಟ್ಟುಕೊಡುತ್ತಿದ್ದರು, ಯಾರೂ ಹಲ್ಲು ಕಿರಿಯುತ್ತಿರಲಿಲ್ಲ. ಗಂಡಸರು ಅಳುತ್ತಿದ್ದರು, ಸತ್ತವರಿಗಾಗಿ ಅಲ್ಲ, ಸುಮ್ಮನೆ. ಹೆಂಗಸರು ಅತ್ತೆ ಮಾವಂದಿರ ಮೇಲಿನ ಸಿಟ್ಟನ್ನೆಲ್ಲ ಕಾರಿಕೊಳ್ಳುತ್ತಿದ್ದರು. ಕೆರಜ್ಜಿ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಗೋಧಿ ಬೇಯಿಸುತ್ತಿದ್ದಳು. ಸತ್ತವರ ಗೋಧಿಯನ್ನು ಅವಳಂತೆ ಬೇಯಿಸುವವರು ಈ ದಂಡೆಯಲ್ಲಿ ಇನ್ನೊಬ್ಬರಿಲ್ಲ, ಕಾಳು ಒಡೆಯಬಾರದು, ಗಟ್ಟಿಯಾಗಿಯೂ ಇರಬಾರದು.

ನಲವತ್ತನೆಯ ದಿನ ಆ ಗೋಧಿಗೆ ಸಕ್ಕರೆ, ಆಕ್ರೋಟು ಬೆರೆಸಿ ತಲೆಗೊಂದು ಬಟ್ಟಲು ತುಂಬಿ ಕಟ್ಟಡದಲ್ಲೆಲ್ಲ ಹಂಚಿದ ಮೇಲೆ ಬಟ್ಟೆ ತೆಗೆಯಬೇಕು. ಯಾರ ಮನೆಯ ಗೋಧಿಯಾದರೂ ಹಂಚುತ್ತಿದ್ದವಳು ಕೆರಜ್ಜಿಯೇ. ಕೊಡುವವರೂ ಕೊಳ್ಳುವವರೂ ಅದೇ ಬಟ್ಟಲಿನಿಂದ ಒಂದೊಂದು ಚಮಚ ಬಾಯಿಗಿಟ್ಟು "ದೇವರು ಕ್ಷಮಿಸಲಿ" ಅನ್ನಬೇಕು. ಆ ಗಳಿಗೆಯಲ್ಲಿ ಸತ್ತವರು ಹೊಸ್ತಿಲು ದಾಟುತ್ತಾರೆಂದು ಎಲ್ಲರೂ ಕಣ್ಣು ತಗ್ಗಿಸುತ್ತಾರೆ. ಪರದೆಯಲ್ಲಿ ನೋಡುತ್ತಿರುವವರು ಕೂಡ. ಯಾರೂ ಹೇಳಬೇಕಾಗಿರಲಿಲ್ಲ, ಕತ್ತು ತಾನಾಗಿ ಬಾಗುತ್ತಿತ್ತು.

ಆ ವರ್ಷ ಐದನೇ ಅಂತಸ್ತಿನ ಮೆತೊದಿ ತಾತ ತೀರಿಕೊಂಡ, ವಯಸ್ಸಾಗಿತ್ತು. ಅವನ ನಲವತ್ತು ಮುಗಿದು ಬಟ್ಟೆ ತೆಗೆದ ಮಾರನೆಯ ದಿನ ಅದೇ ಅಂತಸ್ತಿನ ಎದುರುಮನೆಯ ನೆವೆನಜ್ಜಿ ಹೊಟ್ಟೆ ಕೆಟ್ಟು ಹೋಗಿಬಿಟ್ಟಳು. ಅವಳ ನಲವತ್ತು ಮುಗಿಯುತ್ತಿದ್ದಂತೆ ಮೂರನೇ ಅಂತಸ್ತಿನ ಗ್ರೊಜ್ದಾನ್ ತಾತ ಅದೇ ರೀತಿ ಹೋದ. ಎಂಬತ್ತು ದಾಟಿದವರು ಹೀಗೇ ಹೋಗುವುದು ಅಂತ ಡಾಕ್ಟರು ಬರೆದುಕೊಟ್ಟರು. ನಮಗೂ ಅನುಮಾನ ಬರಲಿಲ್ಲ. ಇಡೀ ಚಳಿಗಾಲ ಕಟ್ಟಡದಲ್ಲಿ ಯಾವುದಾದರೊಂದು ಮನೆ ಕತ್ತಲಾಗಿಯೇ ಇತ್ತು. ಅದನ್ನು ಕಂಡು ಪಕ್ಕದ ಕಟ್ಟಡದವರಿಗೆ ಹೊಟ್ಟೆಕಿಚ್ಚು.

ಗ್ರೊಜ್ದಾನ್ ತಾತನನ್ನು ಮಣ್ಣು ಮಾಡಿ ಬಂದ ಸಂಜೆಯೇ ದೊಬ್ರಿನಾ ಆ ಮನೆಗೆ ಬಂದಳು. ತಾತನ ಸೊಸೆ ರೊಸಿತ್ಸಾಳ ಪಕ್ಕದಲ್ಲಿ ನಾನು ಕೂತಿದ್ದೆ.

"ರೊಸಿತ್ಸಾ, ನಿನ್ನ ಮಾವ ಕೊನೆಗೆ ಏನು ತಿಂದಿದ್ರು?"

"ಎಲ್ರೂ ತಿಂದಿದ್ದೇ ತಿಂದ್ರು. ಯಾಕೆ?"

"ಒಂದು ಮನೇಲಿ ಬಟ್ಟೆ ತೆಗೆದ್ರೆ ಇನ್ನೊಂದು ಮನೇಲಿ ಹಾಕೋ ಹಾಗಾಗ್ತಿದೆ. ಸಾವು ಹೀಗೆ ಸರದಿ ಹಿಡ್ಕೊಂಡು ಬರುತ್ತಾ?"

"ಅಂದ್ರೆ ನಾನೇ ಮಾವನ್ನ ಸಾಯಿಸ್ದೆ ಅಂತೀಯಾ? ಮಣ್ಣು ಇನ್ನೂ ಒಣಗಿಲ್ಲ ಕಣೇ. ನಾಚಿಕೆ ಆಗಲ್ವಾ ನಿಂಗೆ?"

"ನೀನೇ ಅಂತ ನಾನು ಅನ್ಲಿಲ್ಲ."

ನನಗೆ ತಡೆಯಲಿಲ್ಲ. "ದುಃಖ ಕೇಳೋಕೆ ಬಂದಿದ್ರೆ ಕೂತ್ಕೊ. ತನಿಖೆಗೆ ಬಂದಿದ್ರೆ ಹೊಸ್ತಿಲ ಆಚೆ ನಿಂತು ಕೇಳು. ಎರಡೂ ಒಟ್ಟಿಗೆ ಆಗಲ್ಲ," ಅಂದೆ.

"ಹಾಗಾದ್ರೆ ಆಚೆ ನಿಲ್ತೀನಿ ಗಿನಕ್ಕ," ಅಂದಳು. ನಿಂತಳು ಕೂಡ, ನಾವೆಲ್ಲ ಎದ್ದು ಹೋಗುವವರೆಗೂ ಬಾಗಿಲಲ್ಲೇ. ಅಂದು ಯಾರೂ ನಗಲಿಲ್ಲ, ಯಾರೂ ಮೇಯರನ್ನು ಬೈಯಲಿಲ್ಲ. ಒಂದು ಸಂಜೆಯ ಕತ್ತಲೆ ಹಾಳಾಯಿತು.

ಆಮೇಲೆ ಅವಳು ನೆವೆನಜ್ಜಿಯನ್ನು ಗೋರಿಯಿಂದ ತೆಗೆಸಿದಳು. ಹೆಣದಲ್ಲಿ ಇಲಿ ಪಾಷಾಣ ಸಿಕ್ಕಿತು. ಗ್ರೊಜ್ದಾನ್ ತಾತನನ್ನು ತೆಗೆಸಿದಳು, ಅಲ್ಲೂ ಸಿಕ್ಕಿತು. ಕಣ್ಣಿರುವ ಮನೆಯಲ್ಲಿ ಯಾರು ವಿಷ ಬೆರೆಸಲು ಸಾಧ್ಯ? ಕತ್ತಲೆ ಮನೆಯಲ್ಲೇ ಬೆರೆಸಿರಬೇಕು. ಅದು ಸಾಬೀತಾದರೆ ನಲವತ್ತು ದಿನದ ರಿಯಾಯಿತಿಯನ್ನೇ ರದ್ದು ಮಾಡುತ್ತೇವೆ ಅಂತ ಮೇಲಿನಿಂದ ಮಾತು ಬಂತು. ಇಲ್ಲಿ ಮಾತ್ರವಲ್ಲ, ದೇಶಕ್ಕೆಲ್ಲ.

ಅಲ್ಲಿಗೆ ಅವಳ ಕತೆ ಮುಗಿಯಿತು. ರೊಟ್ಟಿ ಅಂಗಡಿಯವನು ಅವಳನ್ನು ಕಂಡರೆ ರೊಟ್ಟಿ ಇಲ್ಲ ಅನ್ನುತ್ತಿದ್ದ, ಹಿಂದೆ ಹಲಗೆಯ ತುಂಬ ರೊಟ್ಟಿ ಕಾಣುತ್ತಿದ್ದರೂ. ಅವಳ ಬಾಗಿಲಿಗೆ ಯಾರೋ ಮೀನಿನ ಕರುಳು ಬಳಿದರು. ಯಾರು ಅಂತ ಎಲ್ಲರೂ ನೋಡಿದ್ದೆವು, ಅವಳೂ ನೋಡಿದ್ದಳು. ಸುಮ್ಮನೆ ಒರೆಸಿದಳು. ಎಲ್ಲರಿಗೂ ಕೆರಜ್ಜಿಯ ಮೇಲೆ ಕನಿಕರ, ಇಂಥ ತಾಯಿಯ ಹೊಟ್ಟೆಯಲ್ಲಿ ಇಂಥವಳು ಹುಟ್ಟಿದಳಲ್ಲ ಅಂತ. ಕೆರಜ್ಜಿ ಮಾತ್ರ "ಅವಳ ಕೆಲಸ ಅವಳು ಮಾಡ್ಲಿ ಬಿಡ್ರೇ," ಅನ್ನುತ್ತಿದ್ದಳು.

ಒಂದು ದಿನ ಮೆಟ್ಟಿಲಲ್ಲಿ ನಾನೇ ದೊಬ್ರಿನಾಳನ್ನು ಅಡ್ಡ ಹಾಕಿದೆ. "ಇಬ್ರು ಮುದುಕರು, ಇವತ್ತೋ ನಾಳೆಯೋ ಹೋಗೋರು. ಅವರಿಗೋಸ್ಕರ ದೇಶದ ಕತ್ತಲೇನೇ ಕಳೀತೀಯಾ? ನಿನಗೂ ಬೇಕಾಗಿತ್ತಲ್ಲೇ ಒಂದು ಕಾಲಕ್ಕೆ, ಕೂತು ಅಳೋಕೆ."

ಅವಳು ದನಿ ತಗ್ಗಿಸಿದಳು. "ಗ್ರೊಜ್ದಾನ್ ತಾತನ ನಲವತ್ತು ಹತ್ರ ಬಂತು ಗಿನಕ್ಕ. ಅವತ್ತು ಇನ್ನೊಬ್ರು ಹೋಗ್ತಾರೆ. ಕತ್ತಲೆ ಮನೇಲಿ ರೊಸಿತ್ಸಾ ತನ್ನ ಮಾವನ್ನ ಬೈದಿದ್ಲು. ಅದಕ್ಕೂ ಮೊದ್ಲು ನೆವೆನಜ್ಜಿ ಮಗ ಅವರಮ್ಮನ್ನ ಬೈದಿದ್ದ. ಈ ಸಲ ಯಾರು ಯಾರನ್ನ ಬೈದ್ರು?"

ಬೈದವಳು ನಾನು. ನನ್ನ ಅತ್ತೆ ಮಿಂಕಾ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು, ಅವಳ ನಾಲಿಗೆ ಮಾತ್ರ ಓಡಾಡಿಕೊಂಡಿತ್ತು. ಎರಡೇ ಕೋಣೆಯಲ್ಲಿ ಅವಳ ಬಾಯಿ ಕೇಳಿ ಕೇಳಿ ಸಾಕಾಗಿದೆ, ದೇವರು ಕಣ್ಣು ಬಿಡಬಾರದೇ ಅಂತ ಗ್ರೊಜ್ದಾನ್ ತಾತನ ಕತ್ತಲೆ ಮನೆಯಲ್ಲಿ ನಾನು ಅಂದಿದ್ದೆ. ಅತ್ತೆಯನ್ನು ಬೈಯದ ಸೊಸೆಯನ್ನು ತಂದು ತೋರಿಸಿ, ಆಮೇಲೆ ನನ್ನನ್ನು ಕೇಳಿ.

"ನಿನ್ನ ಕೆಲಸ ನೋಡ್ಕೊ," ಅಂದು ಬಂದುಬಿಟ್ಟೆ. ಆದರೆ ಅಂದಿನಿಂದ ಅತ್ತೆಯ ತಟ್ಟೆಗೆ ಹಾಕಿದ್ದನ್ನು ಮೊದಲು ನಾನೇ ತಿಂದು ನೋಡುತ್ತಿದ್ದೆ. "ಏನೇ, ನನ್ನ ಊಟಕ್ಕೂ ಕಣ್ಣು ಹಾಕ್ದ್ಯಾ?" ಅಂತ ಅದಕ್ಕೂ ಬೈಸಿಕೊಂಡೆ.

ದೊಬ್ರಿನಾ ಹಳೆಯ ದೃಶ್ಯಗಳನ್ನು ಮತ್ತೆ ಮತ್ತೆ ಹಾಕಿ ನೋಡುತ್ತ ಕೂತಿರುತ್ತಿದ್ದಳು. ನಾವು ನಮ್ಮ ನಮ್ಮ ಮನೆಯಲ್ಲಿ ಕೂತು ಅವಳನ್ನು ನೋಡುತ್ತಿದ್ದೆವು. ಕೆರಜ್ಜಿ ತಟ್ಟೆ ಹಿಡಿದು ಮೆಟ್ಟಿಲು ಹತ್ತುವುದು, ಬಾಗಿಲು ತಟ್ಟುವುದು, ಬಟ್ಟಲು ಕೊಡುವುದು. ಕೊಟ್ಟ ಕೂಡಲೇ ದೊಬ್ರಿನಾಳ ಕತ್ತು ಬಾಗುತ್ತಿತ್ತು. ಎತ್ತುವಷ್ಟರಲ್ಲಿ ಕೆರಜ್ಜಿ ಮುಂದಿನ ಬಾಗಿಲಲ್ಲಿ ಇರುತ್ತಿದ್ದಳು. ಎಷ್ಟು ಸಲ ನೋಡಿದರೂ ಅಷ್ಟೇ. ಕೊಲೆ ಹುಡುಕಲು ಕೂತವಳು ಕೂಡ ಆ ಗಳಿಗೆಯಲ್ಲಿ ನೆಲ ನೋಡುತ್ತಿದ್ದಳು, ಕೆರಜ್ಜಿ ಬೆಳೆಸಿದ ಮಗಳಲ್ಲವೇ. ನಮಗೂ ಅದು ಸರಿಯೇ ಅನ್ನಿಸುತ್ತಿತ್ತು.

ಗ್ರೊಜ್ದಾನ್ ತಾತನ ನಲವತ್ತಕ್ಕೆ ಒಂದು ದಿನ ಇರುವಾಗ ಅವಳು ತಲೆ ತಗ್ಗಿಸಲಿಲ್ಲ. ಎರಡೂ ಕೈಯಲ್ಲಿ ತನ್ನ ಗಲ್ಲ ಹಿಡಿದುಕೊಂಡು, ಕತ್ತು ಬಾಗದಂತೆ ಒತ್ತಿಕೊಂಡು, ಪರದೆಯನ್ನೇ ನೋಡಿದಳು. ಮೆಟ್ಟಿಲಲ್ಲೆಲ್ಲ ಬಾಗಿಲುಗಳು ತೆರೆದುಕೊಂಡವು. "ಲಜ್ಜೆಗೆಟ್ಟವಳು, ನೋಡೇಬಿಟ್ಲು," ಅಂತ ರೊಸಿತ್ಸಾ ಕೂಗಿದಳು. ದೊಬ್ರಿನಾ ನೆವೆನಜ್ಜಿಯ ಬಾಗಿಲು ನೋಡಿದಳು, ಗ್ರೊಜ್ದಾನ್ ತಾತನ ಬಾಗಿಲು ನೋಡಿದಳು, ಮಿಕ್ಕವರದ್ದನ್ನೂ ನೋಡಿದಳು. ಪರದೆ ಆರಿಸಿದಳು. ಆಮೇಲೆ ಬಿಸಿನೀರು ಕಾಯಿಸಿ ತಂದು ತಾಯಿಯ ಕಾಲು ತೊಳೆದಳು. ತಾಯಿ ಮಗಳು ಒಂದು ಮಾತೂ ಆಡಲಿಲ್ಲ. ಹೇಗೆ ಆಡುತ್ತಾರೆ, ನಾವೆಲ್ಲ ಕಿವಿ ಕೊಟ್ಟು ಕೂತಿದ್ದೆವು.

ಮರುದಿನ ಕೆರಜ್ಜಿ ಗೋಧಿಯ ತಟ್ಟೆ ಹಿಡಿದು ನಮ್ಮ ಮನೆಗೆ ಬಂದಳು. ನನ್ನ ಬಟ್ಟಲು ಕೊಟ್ಟು ತಾನೊಂದು ಚಮಚ ತಿಂದಳು, ನಾನೊಂದು ತಿಂದೆ, ದೇವರು ಕ್ಷಮಿಸಲಿ ಅಂದೆವು. ಆಮೇಲೆ ಅತ್ತೆಯ ಹಾಸಿಗೆಯ ಬಳಿ ಹೋಗಿ ಅವಳ ಬಟ್ಟಲನ್ನು ಕೈಗಿಟ್ಟಳು. ನನ್ನ ಕತ್ತು ಬಾಗಿತು.

"ಯಾರೂ ತಲೆ ತಗ್ಗಿಸ್ಬೇಡಿ." ದೊಬ್ರಿನಾ ಬಾಗಿಲಲ್ಲಿ ನಿಂತಿದ್ದಳು. "ಮಿಂಕಜ್ಜಿ, ಚಮಚ ಕೆಳಗಿಡಿ. ಅಮ್ಮ, ನೀನು ಈ ಬಟ್ಟಲಿಂದ ತಿನ್ನು."

ಕೆರಜ್ಜಿ ಚಮಚ ಮುಟ್ಟಲಿಲ್ಲ.

"ಗಿನಕ್ಕನ ಬಟ್ಟಲಿಂದ ತಿಂದೆ. ಇದ್ರಿಂದ ತಿನ್ಲಿಲ್ಲ. ನೆವೆನಜ್ಜಿ ಮುಂದೇನೂ ತಿಂದಿರ್ಲಿಲ್ಲ, ಗ್ರೊಜ್ದಾನ್ ತಾತನ ಮುಂದೇನೂ ತಿಂದಿರ್ಲಿಲ್ಲ. ಮಿಕ್ಕ ಎಲ್ಲರ ಮುಂದೆ ತಿಂದಿದ್ದೆ." ದೊಬ್ರಿನಾ ತಾಯಿಯ ಹತ್ತಿರ ಬಂದಳು. "ತಿಂದ ಹಾಗೆ ಮಾಡಬಹುದಿತ್ತಲ್ಲ, ಅಮ್ಮ. ಯಾರೂ ನೋಡ್ತಿರ್ಲಿಲ್ಲ."

"ಸತ್ತವರ ಮುಂದೆ ನಾಟಕ ಆಡ್ಲಾ?" ಅಂದಳು ಕೆರಜ್ಜಿ. ನಿಜವಾಗಿಯೂ ಸಿಟ್ಟು ಬಂದಿತ್ತು ಅವಳಿಗೆ. "ನಾನೇನು ಅಂಥವಳಾ?"

ಅತ್ತೆ ಚಮಚ ಕೆಳಗಿಟ್ಟಳು. "ಕೆರಾ, ನಾವಿಬ್ರೂ ಒಂದೇ ವರ್ಷ ಈ ಕಟ್ಟಡಕ್ಕೆ ಮದುವೆಯಾಗಿ ಬಂದವರು ಕಣೇ."

"ಅದಕ್ಕೇ ನಿನ್ನ ಕೊನೆಗಿಟ್ಟಿದ್ದೆ," ಅಂದಳು ಕೆರಜ್ಜಿ. ಬಟ್ಟಲನ್ನು ತಾನೇ ಅವಳ ಕೈಯಿಂದ ತೆಗೆದು ಕಿಟಕಿಯ ಮೇಲಿಟ್ಟಳು. "ನೆವೆನಾಗೆ ತನ್ನ ಹೆಸರೇ ನೆನಪಿರ್ಲಿಲ್ಲ. ಗ್ರೊಜ್ದಾನ್ ದಿನಾ ಸಾವು ಬೇಡ್ತಿದ್ದ. ಅವರವರ ಮನೆಯವರ ಬಾಯಲ್ಲೇ ಕೇಳ್ದೆ, ಯಾವಾಗ ಹೋಗ್ತಾರೋ ಅಂತ. ಈ ಗಿನಾ ಕೂಡ ಅಂದ್ಲು. ಅವ್ರು ಹೋದ್ರೆ ಉಳಿದ ಅಷ್ಟೂ ಜನ ನಲವತ್ತು ದಿನ ಮನುಷ್ಯರ ಹಾಗೆ ಇರ್ತಿದ್ರು. ತಪ್ಪಾ? ತಪ್ಪೇ ಇರ್ಬೋದು." ಮಗಳ ಕಡೆ ತಿರುಗಿದಳು. "ನಿನ್ನ ಗಂಡ ಹೋದ ದಿನ ನೀನು ಬಚ್ಚಲಿಂದ ಮುಖ ತೊಳ್ಕೊಂಡು ಬಂದೆ. ನಾನು ನಿನ್ನಮ್ಮ, ನಿನ್ನ ತಬ್ಬಿಕೊಳ್ಳೋಕೆ ಆಗ್ಲಿಲ್ಲ ನಂಗೆ. ತಬ್ಬಿದ್ರೆ ಅದನ್ನೂ ನೋಡಿ ನಗ್ತಿದ್ರು, ಈ ನನ್ಮಕ್ಕಳು." ಹಾಗೆಂದು ತಲೆಯೆತ್ತಿ ಸೂರಿನ ಕಣ್ಣನ್ನು, ಅದರ ಹಿಂದಿನ ನಮ್ಮೆಲ್ಲರನ್ನೂ ನೋಡಿದಳು.

ದೊಬ್ರಿನಾ ಮೂಲೆಯ ಕುರ್ಚಿಯ ಮೇಲಿದ್ದ ಶಾಲು ತಂದಳು. "ಹೊದ್ಕೊ ಅಮ್ಮ. ಹೊರಗೆ ಚಳಿ."

"ಹೋಗೋ ಮುಂಚೆ ಆ ಕಣ್ಣಿಗೆ ಒಂದು ಬಟ್ಟೆ ಹಾಕೇ ದೊಬ್ರಾ. ಸ್ವಲ್ಪ ಹೊತ್ತು ಸಾಕು. ನಿನ್ನ ಹತ್ರ ಒಂದು ಮಾತು ಆಡ್ಬೇಕು."

ನನ್ನ ಕೈ ತಾನಾಗಿ ಮೇಜಿನ ಬಟ್ಟೆಯ ಕಡೆ ಹೋಯಿತು. ಸುಳ್ಳು ಹೇಳುವುದಿಲ್ಲ, ಮಗಳು ಹೂಂ ಅಂದಿದ್ದರೆ ನಾನೇ ಕುರ್ಚಿ ಹತ್ತಿ ಹಾಕುತ್ತಿದ್ದೆ.

"ಆಗಲ್ಲ ಅಮ್ಮ," ಅಂದಳು ದೊಬ್ರಿನಾ. "ಇಲ್ಲಿ ಯಾರೂ ಸತ್ತಿಲ್ಲ."

ತಾಯಿಯ ತೋಳು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದಳು. ಎಲ್ಲ ಬಾಗಿಲಲ್ಲೂ ಜನ. ಕೆರಜ್ಜಿಗೆ ಯಾರೂ ಏನೂ ಅನ್ನಲಿಲ್ಲ. ಉಗುಳಿದ್ದು ದೊಬ್ರಿನಾಳ ಮೇಲೆ.

ವಸಂತಕ್ಕೆ ಮುಂಚೆಯೇ ಕಾನೂನು ಬಂತು. ಸಾವಿನ ಮನೆಯಾದರೂ ಸರಿ, ಕಣ್ಣಿಗೆ ಬಟ್ಟೆ ಹಾಕುವಂತಿಲ್ಲ. ಈಗ ಹೆಣದ ಮುಂದೆ ಕೂತು ಅಳುವುದನ್ನೂ ಊರು ನೋಡುತ್ತದೆ, ಯಾರು ಎಷ್ಟು ಅತ್ತರು ಅಂತ ಮಾರನೆಯ ದಿನ ನನ್ನ ಅಂಗಡಿಯ ಮುಂದೆ ಮಾತಾಡುತ್ತದೆ. ಈಗ ನನಗೂ ಒಬ್ಬಳು ಸೊಸೆ ಬಂದಿದ್ದಾಳೆ, ಅವಳು ನನ್ನನ್ನು ಬೈಯುವುದಿಲ್ಲ, ಬೈಯಲಿಕ್ಕೆ ಅವಳಿಗೆ ಜಾಗವಿಲ್ಲ. ಒಳಗೊಳಗೇ ಏನು ಕುದಿಯುತ್ತಿದೆಯೋ ನನಗೆ ಗೊತ್ತಾಗುವುದಿಲ್ಲ. ಅತ್ತೆ ಮಿಂಕಾ ಮಾತ್ರ ಇನ್ನೂ ಗಟ್ಟಿಯಾಗಿ ಇದ್ದಾಳೆ, ಮೂರು ಹೊತ್ತೂ ನನಗೆ ಬೈಗುಳ ತಪ್ಪಿಲ್ಲ. ಅವಳ ಜೀವ ಉಳಿಸಿದವಳು ದೊಬ್ರಿನಾ ಅಂತ ನನಗೆ ಗೊತ್ತಿದೆ. ಗೊತ್ತಿದ್ದರೆ ಪ್ರೀತಿಸಬೇಕೆಂದೇನಿದೆ?

ಕೆರಜ್ಜಿ ಜೈಲಿನ ಆಸ್ಪತ್ರೆಯಲ್ಲಿ ಸತ್ತಳು. ಹಾಸಿಗೆಯ ಮೇಲೆಯೇ ಕಣ್ಣು, ಅವಳ ಕೊನೆಯ ಉಸಿರನ್ನು ಊರೆಲ್ಲ ನೋಡಿತು. ಆ ದಿನ ಹೇಳಬೇಕೆಂದಿದ್ದ ಮಾತನ್ನು ಅವಳು ಆಮೇಲೂ ಹೇಳಲಿಲ್ಲ, ದೊಬ್ರಿನಾ ಪ್ರತಿ ಭಾನುವಾರ ಹೋಗಿ ಪಕ್ಕದಲ್ಲಿ ಕೂತರೂ.

ನಲವತ್ತನೆಯ ದಿನ ದೊಬ್ರಿನಾ ತಾನೇ ಗೋಧಿ ಬೇಯಿಸಿದಳು. ಅರ್ಧ ಕಾಳು ಒಡೆದುಹೋಗಿತ್ತು, ಅಷ್ಟು ಹೊತ್ತಿಗೆ ಒಲೆ ಆರಿಸಬೇಕೆಂದು ಯಾರಾದರೂ ಹೇಳಬಹುದಿತ್ತು, ನಾವೆಲ್ಲ ನೋಡುತ್ತಿದ್ದೆವಲ್ಲ. ತಟ್ಟೆ ಹಿಡಿದು ಐದನೇ ಅಂತಸ್ತಿನಿಂದ ಒಂದೊಂದೇ ಬಾಗಿಲು ತಟ್ಟುತ್ತ ಇಳಿದಳು. ಸತ್ತವರ ಗೋಧಿಯನ್ನು ಬೇಡ ಅನ್ನುವಂತಿಲ್ಲ, ಎಂಥ ಶತ್ರುವಿನದಾದರೂ. ನಮ್ಮ ಮನೆಗೆ ಬಂದಾಗ ಅವಳ ಹಿಂದೆ ಮೆಟ್ಟಿಲ ತುಂಬ ಜನ ಇಳಿದು ಬಂದು ನಿಂತಿದ್ದರು.

"ಅಮ್ಮನ ಹೆಸರಲ್ಲಿ, ಮಿಂಕಜ್ಜಿ," ಅಂತ ಬಟ್ಟಲು ನೀಡಿದಳು.

ಅತ್ತೆ ಕೈ ಚಾಚಲಿಲ್ಲ. "ನೀನು ಮೊದ್ಲು ತಿನ್ನು," ಅಂದಳು.

ದೊಬ್ರಿನಾ ಒಂದು ಚಮಚ ತುಂಬಿ ಬಾಯಿಗಿಟ್ಟಳು. "ದೇವರು ಕ್ಷಮಿಸಲಿ," ಅನ್ನಬೇಕು, ಬಾಯಲ್ಲಿ ಗೋಧಿ ಇತ್ತು, ಗಂಟಲಲ್ಲಿ ಇಳಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತು. ಗಂಡ ಹೋದ ದಿನವೂ ಊರಿಗೆ ತೋರಿಸದ ನೀರು. ನಾವು ಚಿಕ್ಕವರಾಗಿದ್ದಾಗಿನಿಂದ ಆ ಗಳಿಗೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಿದ್ದಿಲ್ಲ. ಅಂದು ಮೆಟ್ಟಿಲ ಮೇಲಿನ ಒಬ್ಬರೂ ಕಣ್ಣು ತಗ್ಗಿಸಲಿಲ್ಲ. ನಾನೂ ಅವಳ ಗಂಟಲನ್ನೇ ನೋಡುತ್ತ ನಿಂತಿದ್ದೆ, ನುಂಗಿದಳೋ ಇಲ್ಲವೋ ಅಂತ.